ತಗಡಿನ ರಾಕೆಟ್ಟು, ತಂಗಿಯ ಎಡಗಿವಿ

ಒಂದೇ ಒಂದು ಸಾಲು. ಅದನ್ನು ನಾನು ಓದಿ ಹೇಳಬೇಕಾಗಿತ್ತು, ಹೇಳಲಿಲ್ಲ. ಅದು ಮೊದಲನೆಯ ತಪ್ಪು. ಹೇಳಿದೆನೆಂದು ಎಲ್ಲರೆದುರು ಸುಳ್ಳಾಡಿದ್ದು ಎರಡನೆಯದು. ಆ ಸುಳ್ಳನ್ನು ತಂಗಿಯ ಎಡಗಿವಿಯ ಮೇಲೆ ಹೇರಿ, ಹದಿನೈದು ವರ್ಷ ಹಾಯಾಗಿ ಓಡಾಡಿಕೊಂಡಿದ್ದದ್ದು ಮೂರನೆಯದು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಚಂದ್ರ, ರಾಕೆಟ್ಟು, ಬಣ್ಣ, ಪರದೆ ಎಂದು ನಿಮ್ಮನ್ನು ಊರೆಲ್ಲ ಸುತ್ತಿಸುವವನಿದ್ದೇನೆ. ನಡುನಡುವೆ ನಗುವವನೂ ಇದ್ದೇನೆ. ಇವನು ತಪ್ಪೊಪ್ಪಿಕೊಳ್ಳಲು ಬಂದನೋ ಬಡಾಯಿ ಕೊಚ್ಚಲು ಬಂದನೋ ಎಂದು ನೀವು ಗಲಿಬಿಲಿಗೊಳ್ಳಬಾರದು. ಎರಡಕ್ಕೂ ಬಂದಿದ್ದೇನೆ.

ಮೊನ್ನೆ ಚಳಿಗೆ ಕಂಬಳಿ ಹುಡುಕುತ್ತ ಹಳೆಯ ಟ್ರಂಕು ತೆಗೆದಾಗ, ತಳದಲ್ಲಿ ಮೂರು ಸೆಲ್ಲಿನ ಬ್ಯಾಟರಿ ಸಿಕ್ಕಿತು. ಪೇಟೆಯವರು ಅದಕ್ಕೆ ಟಾರ್ಚ್ ಅನ್ನುತ್ತಾರೆ. ನಮ್ಮ ಶಹಾಬಾದಿನಲ್ಲಿ ಅದು ಬ್ಯಾಟರಿಯೇ. ಮೈಗೆ ತುಕ್ಕು ಹಿಡಿದಿದೆ, ಒಳಗಿನ ಸ್ಪ್ರಿಂಗು ಹಸಿರುಗಟ್ಟಿದೆ. ಗುಂಡಿ ಒತ್ತಿದೆ; ಹತ್ತಲಿಲ್ಲ. ಇಂದು ಹತ್ತದಿದ್ದರೆ ಅದರದ್ದೇನೂ ತಪ್ಪಿಲ್ಲ. ಅಂದು ಚೆನ್ನಾಗಿಯೇ ಹತ್ತಿತ್ತು. ಹತ್ತದೇ ಹೋಗಿದ್ದರೆ ನನಗೊಂದು ನೆಪವಾದರೂ ಸಿಗುತ್ತಿತ್ತು.

ನನ್ನ ಓದಿನ ಸಂಗತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಾನು ಶಾಲೆಗೆ ಹೋದದ್ದು ನಿಜಾಮರ ಕಾಲದಲ್ಲಿ, ನಾಲ್ಕನೇ ಜಮಾತಿನವರೆಗೆ, ಅದೂ ಉರ್ದುವಿನಲ್ಲಿ. ಆಮೇಲೆ ಪಾಟಿ ಬಿಟ್ಟು ಅಪ್ಪನ ಜೊತೆ ಉಳಿ ಹಿಡಿದೆ. ಮನೆಯ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲಿಗೆ ನಾವು ಪರಸಿ ಅನ್ನುತ್ತೇವಲ್ಲ, ಅದನ್ನು ಗಣಿಯಿಂದ ಎಬ್ಬಿಸುವ ಕೆಲಸ. ಆ ಕಲ್ಲು ಪುಸ್ತಕದ ಹಾಗೆ ಪದರು ಪದರಾಗಿರುತ್ತದೆ. ಉಳಿ ಇಟ್ಟು ಒಂದು ಪೆಟ್ಟು ಹಾಕಿ ಸದ್ದು ಕೇಳಿದರೆ ಸಾಕು, ಪದರು ಎಲ್ಲಿ ಬಿಚ್ಚುತ್ತದೆಂದು ನಾನು ಹೇಳುತ್ತಿದ್ದೆ. ಕಲ್ಲಿನ ಪುಟ ತಿರುವಲು ಬರುತ್ತಿತ್ತು, ಕಾಗದದ್ದು ಬರುತ್ತಿರಲಿಲ್ಲ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ, ಶಾಲೆ, ಕಚೇರಿ, ಬಸ್ಸಿನ ಬೋರ್ಡು ಎಲ್ಲ ಕನ್ನಡವಾದಾಗ ನಾನು ಗಣಿಯ ಗುಂಡಿಯಲ್ಲಿದ್ದೆ. ಬೈಯುವುದು, ಬೇಡಿಕೊಳ್ಳುವುದು, ಕನಸು ಕಾಣುವುದು ಎಲ್ಲ ಕನ್ನಡದಲ್ಲೇ. ಓದುವುದು ಮಾತ್ರ ಉರ್ದು. ಮೇಲೆ ಬಂದು ನೋಡಿದರೆ ನನ್ನ ಮಾತಿನ ಅಕ್ಷರವೇ ನನಗೆ ಪರಕೀಯ.

ಆದರೆ ಇದು ಯಾರಿಗೂ ಗೊತ್ತಿರಲಿಲ್ಲ. ಚಹದ ಹೋಟೆಲಿನಲ್ಲಿ ನಾನು ಪೇಪರು ಹಿಡಿದು ಕೂರುತ್ತಿದ್ದೆ. ಪಕ್ಕದವರು ಮಾತಾಡುವುದನ್ನು ಕೇಳಿಕೊಂಡು, ಚಿತ್ರ ನೋಡಿಕೊಂಡು, “ಹೌದಪಾ, ಬಂದದ ಬಂದದ” ಎಂದು ತಲೆಯಾಡಿಸುತ್ತಿದ್ದೆ. ತಂಗಿ ಗುರುಬಾಯಿ ನನಗಿಂತ ಹದಿನಾರು ವರ್ಷ ಚಿಕ್ಕವಳು. ನಡುವೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ಅವಳು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡ. ಹೀಗಾಗಿ ಅವಳಿಗೆ ಅಣ್ಣನೂ ನಾನೇ, ಅಪ್ಪನೂ ನಾನೇ. ಮನೆಯ ಮುಂದಿನ ಪರಸಿಯ ಮೇಲೆ ಕುಳಿತು ಸುಣ್ಣದ ಕಡ್ಡಿಯಿಂದ ಅಕ್ಷರ ಬರೆದು ತೋರಿಸುತ್ತಿದ್ದಳು. ನಾನು ಬೆರಳಿಟ್ಟು, “ಇದು ಚಲೋ ಬಂದದ, ಇದು ಜರಾ ಸೊಟ್ಟ ಅದಾ” ಅನ್ನುತ್ತಿದ್ದೆ. ಸೊಟ್ಟ ಹೇಳಲು ಓದು ಯಾಕೆ ಬೇಕು, ಕಲ್ಲು ಕೆಲಸದವನಿಗೆ? “ನಮ್ಮಣ್ಣಗ ಎಲ್ಲಾ ಗೊತ್ತದ” ಎಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ನಮ್ಮ ಮನೆಯಲ್ಲಿ ಮೊದಲು ಬಣ್ಣ ಹಚ್ಚಿದವಳು ಗುರುಬಾಯಿ ಎಂದು ಊರು ತಿಳಿದಿದೆ. ಅಲ್ಲ, ನಾನು. ಬಣ್ಣವಿಲ್ಲದೇ ವರ್ಷಗಟ್ಟಲೆ ಒಂದೇ ಪಾರ್ಟು ಮಾಡಿದವನು ನಾನು.

ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ಗುರುಬಾಯಿ ಹೈಸ್ಕೂಲಿನಲ್ಲಿದ್ದಳು. ಹೋಟೆಲಿನ ರೇಡಿಯೊ ಸುತ್ತ ಗಣಿಯವರು, ಹಮಾಲರು, ತಗಡಿನ ಕೆಲಸದ ಗಫೂರ ಚಾಚಾ ಎಲ್ಲ ನಿಂತಿದ್ದೆವು. ಚಂದ್ರನ ನೆಲ ಬೂದಿಯ ಹಾಗಿದೆ, ಹೆಜ್ಜೆಯಿಟ್ಟರೆ ಪುಡಿ ಏಳುತ್ತದೆ ಎಂದು ಯಾರೋ ಪೇಪರು ಓದಿ ಹೇಳಿದರು. ಗಫೂರ ಚಾಚಾ ಬಾಯಿಂದ ಬೀಡಿ ತೆಗೆದು ನನ್ನನ್ನು ಕೇಳಿದರು:

“ಅಲ್ಲೋ ಶರಣೂ, ಬೂದಿ ತುಳಿಯಾಕ ಅಷ್ಟ ದೂರ ಯಾಕ ಹೋದ್ರು? ವಾಡಿ ಟೇಶನ್ನಾಗ ಇಳಿದಿದ್ರ ಸಾಕಿತ್ತಲ್ಲ!”

ನಕ್ಕಿದ್ದೇ ನಕ್ಕಿದ್ದು. ಸಿಮೆಂಟು ಕಾರ್ಖಾನೆಯ ಧೂಳು ಕೂತು, ವಾಡಿಯಿಂದ ಶಹಾಬಾದಿನವರೆಗೆ ಬೇವಿನ ಎಲೆ ಹಸಿರಾಗಿ ಕಾಣುವುದು ಮಳೆ ಬಿದ್ದ ಮರುದಿನ ಮಾತ್ರ. ಆದರೆ ಹೈಸ್ಕೂಲಿನ ಕನ್ನಡ ಮಾಸ್ತರರು ನಗಲಿಲ್ಲ. ಅವರಿಗೆ ನಾಟಕದ ಹುಚ್ಚು. ಊರೇ ಚಂದ್ರನ ಹಾಗಿರುವಾಗ ಸೀನರಿಯ ಖರ್ಚಿಲ್ಲ ಎಂಬುದು ಅವರ ತಲೆಗೆ ಹೊಳೆದಿರಬೇಕು. ಆ ವರ್ಷದ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಚಂದ್ರಲೋಕದ ನಾಟಕ ಬರೆದರು. ಚಂದ್ರನ ಮೇಲೆ ಇಳಿಯುವವಳು ಹೆಂಗಸು ಎಂದು ಬರೆದರು. ಆ ಹೆಂಗಸು ನಮ್ಮ ಗುರುಬಾಯಿ ಎಂದರು.

“ಹೆಣ್ಣುಮಗಳು ಹೆಂಗ ಹೋಗ್ತಾಳ್ರಿ ಅಲ್ಲಿಗಿ?” ಎಂದು ನಮ್ಮವ್ವ ಕೇಳಿದಳು.

“ಗಂಡಸು ಹೋಗ್ಯಾನಲ್ಲವಾ. ಆತ ಹೋದ ಮ್ಯಾಲ ಮನಿ ಕಸ ಹೊಡಿಯಾಕ ಒಬ್ಬಾಕಿ ಬೇಕಲ್ಲ” ಎಂದು ಮಾಸ್ತರರು ನಗಿಸಿ ಒಪ್ಪಿಸಿದರು. ನಾಟಕದಲ್ಲಿ ಕಸ ಹೊಡೆಯುವ ಮಾತೇ ಇರಲಿಲ್ಲ. ಅವ್ವನಿಗೆ ಅದು ತಿಳಿದದ್ದು ಪರದೆ ಎದ್ದ ಮೇಲೆ.

ತಾಲೀಮು ಮೂರು ತಿಂಗಳು ನಡೆಯಿತು. ಶಾಲೆ ಬಿಟ್ಟ ಮೇಲೆ ಬಿಸಿಲು ಇಳಿಯುವವರೆಗೆ. ಕೆಲಸ ಮುಗಿಸಿ ಮೈಯ ಪುಡಿ ಜಾಡಿಸಿಕೊಂಡು ನಾನೂ ಹೋಗಿ ಹಿಂದೆ ಕೂರುತ್ತಿದ್ದೆ. ಮಾಸ್ತರರ ಒಂದು ಮಾತು ಈಗಲೂ ಕಿವಿಯಲ್ಲಿದೆ: “ಚಂದ್ರಗ ಹೋಗಾವಗೂ ರಂಗಕ್ಕ ಹೋಗಾವಗೂ ಕಲಿಯೋ ವಿದ್ಯಾ ಒಂದೇ. ಅರ್ಧ ತಾಸಿನ ಕೆಲಸಕ್ಕ ತಿಂಗಳಗಟ್ಟಲೆ ತಾಲೀಮು. ಅಲ್ಲಿ ಏನರ ಕೆಟ್ಟರ ಮನಿಗಿ ಹೋಗಿ ತರಾಕ ಬರಂಗಿಲ್ಲ. ಇದ್ದದ್ದರಾಗೇ ಬಗಿಹರಿಸಬೇಕು, ಮುಖದ ಮ್ಯಾಲ ತೋರಸಬಾರದು.”

ಆಗ ನಾನು ಇದನ್ನು ಮಾಸ್ತರರ ಎಂದಿನ ಅತಿಶಯ ಅಂದುಕೊಂಡೆ. ಈಗ ಯೋಚಿಸಿದರೆ ಅವರು ಕಡಿಮೆಯೇ ಹೇಳಿದರು. ದೀಪದ ಬೆಳಕಿನಲ್ಲಿ ನಿಂತ ನಟನಿಗೆ ಎದುರಿಗೆ ಕಾಣುವುದು ಬರಿ ಕತ್ತಲೆ. ಆ ಕತ್ತಲೆಯಲ್ಲಿ ಸಾವಿರ ಕಣ್ಣಿವೆ ಎಂದು ಗೊತ್ತು, ಒಂದೂ ಕಾಣುವುದಿಲ್ಲ. ಆಕಾಶಕ್ಕೆ ಹೋದವನಿಗೂ ಅಷ್ಟೇ ಅಲ್ಲವೇ? ವೇಷ ತೊಟ್ಟ ಮೇಲೆ ಮೂಗು ತುರಿಸಿದರೂ ಕೈ ಎತ್ತುವಂತಿಲ್ಲ. ನೀರು ಕುಡಿಯುವ ಮುಂಚೆ ಹತ್ತು ಸಲ ಯೋಚಿಸಬೇಕು. ಆಟ ಮುಗಿಸಿ ಇಳಿದವನ ಕಾಲು ಸ್ವಲ್ಪ ಹೊತ್ತು ನೆಲಕ್ಕೆ ಹೊಂದುವುದಿಲ್ಲ. ರಾಜನ ಪಾರ್ಟು ಮಾಡಿದ ನಮ್ಮ ಗಣಿಯ ಒಬ್ಬ ಹಮಾಲ ಮೂರು ದಿನ ಹೆಂಡತಿಯನ್ನು “ಎಲೈ ರಮಣೀ” ಎಂದು ಕರೆದು ರೊಟ್ಟಿ ತಪ್ಪಿಸಿಕೊಂಡಿದ್ದ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಬ್ಬರಿಗೂ ಕಾಣದ ಕಡೆಯಿಂದ ಒಂದು ದನಿ ಬರುತ್ತಿರುತ್ತದೆ. ಅವನಿಗೆ ಭೂಮಿಯಿಂದ, ಇವನಿಗೆ ಪರದೆಯ ಮರೆಯಿಂದ. ಆ ದನಿ ಇದೆ ಎಂಬ ಧೈರ್ಯದ ಮೇಲೆಯೇ ಇಬ್ಬರೂ ಹೆಜ್ಜೆ ಇಡುವುದು.

ಗುರುಬಾಯಿಯ ನಡಿಗೆ ಮಾತ್ರ ಸರಿಬರಲೊಲ್ಲದು.

“ಏ ಗುರುಬಾಯಿ, ನೀರಿಗಿ ಹೊಂಟಂಗ ನಡಿಲಿಕತ್ತಿಯಲ್ಲ! ಚಂದ್ರನ ಮ್ಯಾಲ ಇದಿ ನೀ.”

“ಅಲ್ಲಿ ಹೆಂಗ ನಡಿತಾರ್ರಿ ಮಾಸ್ತರ್ರ?”

“ನಾ ಏನ್ ಹೋಗಿ ಬಂದೀನೇನು? ಹಗುರಾಗಿ! ನಿಧಾನ! ಹಗುರಾಗಿ!”

ಹಗುರಾಗು ಎಂದಷ್ಟೂ ಅವಳು ಕುಣಿದಂತಾಗುತ್ತಿತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಎರಡು ಅಂಗುಲ ದಪ್ಪದ ಪರಸಿಯನ್ನು ಅವಳ ಪಾದದಳತೆಗೆ ಕೊರೆದು, ಅಂಚು ತಿಕ್ಕಿ, ಚಪ್ಪಲಿಯ ಕೆಳಗೆ ಪಟ್ಟಿಯಿಂದ ಬಿಗಿದೆ. ಕಾಲು ಎತ್ತಲು ಹೊತ್ತು ಹಿಡಿಯಿತು. ಎತ್ತಿದ ಕಾಲು ಗಾಳಿಯಲ್ಲಿ ತೇಲಿ ತೇಲಿ ಇಳಿಯಿತು. ಮಾಸ್ತರರು ಕುರ್ಚಿಯಿಂದ ಎದ್ದೇ ನಿಂತರು. ಹಗುರಾಗಿ ಕಾಣಬೇಕಾದರೆ ಭಾರ ಕಟ್ಟಿಕೊಳ್ಳಬೇಕು ಎಂಬುದನ್ನು ಶಹಾಬಾದಿನ ಕಲ್ಲು ಹೀಗೆ ಕಂಡುಹಿಡಿಯಿತು. ಆಕಾಶಕ್ಕೆ ಹೋಗುವವರನ್ನು ಮೈಗೆ ಭಾರ ಕಟ್ಟಿ ನೀರಿನ ಹೊಂಡದಲ್ಲಿ ಮುಳುಗಿಸಿ ಕಲಿಸುತ್ತಾರಂತೆ. ಎಷ್ಟೋ ವರ್ಷದ ಮೇಲೆ ಗುರುಬಾಯಿಯೇ ಓದಿ ಹೇಳಿದಳು. “ನಿನ್ನ ನೋಡೇ ಕಲ್ತಿರಬೇಕಣ್ಣಾ” ಅಂದಳು.

ಆ ಪರಸಿಯ ದೆಸೆಯಿಂದ ನನಗೆ ತಾಲೀಮಿನಲ್ಲಿ ಮರ್ಯಾದೆ ಬಂತು. ಮರ್ಯಾದೆಯ ದೆಸೆಯಿಂದ ಕುತ್ತು. ಕೇಳಿ ಕೇಳಿ ನನಗೆ ಎಲ್ಲರ ಮಾತೂ ಬಾಯಿಪಾಠವಾಗಿತ್ತು. ಕೂತಲ್ಲೇ ತುಟಿ ಆಡಿಸುತ್ತಿದ್ದೆ. ಮಾಸ್ತರರು ಅದನ್ನು ಕಂಡು, “ಶರಣಪ್ಪಾ, ಪುಸ್ತಕ ಹಿಡಿದು ಮಾತು ಹೇಳಿಕೊಡಾವ ನೀನೇ” ಎಂದು ಕೈಬರಹದ ನೋಟುಬುಕ್ಕು ನನ್ನ ಕೈಗಿಟ್ಟರು. ತಂಗಿಯ ಮುಖ ಹೂವಾಯಿತು. ಆ ಮುಖದೆದುರು “ನನಗೆ ಓದಲು ಬರುವುದಿಲ್ಲ” ಎಂದು ಹೇಳುವ ಗಂಡಸುತನ ನನಗಿರಲಿಲ್ಲ. ಹ್ಞೂಂ ಅಂದೆ. ಪುಟದ ಮೂಲೆಯಲ್ಲಿ ಆ ಪುಟದ ಮೊದಲ ಮಾತನ್ನು ಉರ್ದುವಿನಲ್ಲಿ ಸಣ್ಣಗೆ ಗುರುತು ಮಾಡಿಕೊಂಡು, ಉಳಿದದ್ದನ್ನು ನೆನಪಿನಿಂದ ಹೇಳಿಕೊಡುತ್ತ ಬಂದೆ. ಒಂದು ಸಲವೂ ತಪ್ಪಲಿಲ್ಲ. ಕಳ್ಳನಿಗೆ ಇದಕ್ಕಿಂತ ದೊಡ್ಡ ದುರದೃಷ್ಟವಿಲ್ಲ.

ರಾಕೆಟ್ಟು ಮಾಡಿದವರು ಗಫೂರ ಚಾಚಾ. ಎಣ್ಣೆ ಡಬ್ಬಿಗಳನ್ನು ಬಿಚ್ಚಿ, ಬೆಸೆದು, ಎರಡಾಳೆತ್ತರ ನಿಲ್ಲಿಸಿದ್ದರು. ಒಂದು ಕಡೆ ಎಣ್ಣೆಯ ಜಾಹೀರಾತು ಹಾಗೆಯೇ ಉಳಿದಿತ್ತು. ಬಿಸ್ಕೀಟು ಡಬ್ಬಿಯಿಂದ ಗುರುಬಾಯಿಯ ಶಿರಸ್ತ್ರಾಣ ಮಾಡಿದ್ದರು. ನನ್ನ ದನಿ ಕೇಳಲೆಂದು ಎರಡು ಕಿವಿಯ ಹತ್ತಿರವೂ ತೂತು ಕೊರೆದು, ಅಂಚು ತಾಗದ ಹಾಗೆ ಮಡಿಚಿದ್ದರು. ರಾಕೆಟ್ಟು ವೇದಿಕೆಯ ಎಡಕ್ಕೆ. ನಾನು ಅದರ ಹೊಟ್ಟೆಯೊಳಗೆ ಸ್ಟೂಲಿನ ಮೇಲೆ. ಹಗಲಾದರೂ ಒಳಗೆ ಕತ್ತಲು, ಅದಕ್ಕೇ ಬ್ಯಾಟರಿ. ಗಾಳಿಗೆ ರಾಕೆಟ್ಟು ಬೀಳಬಾರದೆಂದು ಚಾಚಾ ಹಿಂದೆ ಹಗ್ಗ ಹಿಡಿದು ನಿಂತಿದ್ದರು.

ಗ್ಯಾದರಿಂಗಿನ ದಿನ ಮಧ್ಯಾಹ್ನ ಮಾಸ್ತರರು ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣಿನಲ್ಲಿ ಓಡಿಬಂದರು. ಕೊನೆಯ ಮಾತು ಅವರಿಗೆ ಸಾಲದೆನಿಸಿ ಹೊಸದಾಗಿ ಎರಡು ಪುಟ ಬರೆದಿದ್ದರು. ಗುರುಬಾಯಿಗೆ ಒಂದು ಸಲ ಓದಿಸಿ, ಹಾಳೆಗಳನ್ನು ನನ್ನ ಅಂಗಿಯ ಜೇಬಿಗೆ ತುರುಕಿದರು.

“ಮಾಸ್ತರ್ರ, ನೆನಪಿರಲಿಕ್ಕಿಲ್ರಿ” ಎಂದಳು ಅವಳು, ಬಿಳಿ ವೇಷದಲ್ಲಿ ಬೆವರುತ್ತ.

“ಫಿಕರ್ ಮಾಡಬ್ಯಾಡ. ನಿಮ್ಮಣ್ಣ ರಾಕೆಟ್ಟಿನಾಗ ಇರ್ತಾನಲ್ಲ.”

“ಹೌದಲ್ಲ, ಅಣ್ಣ ಅದಾನ” ಎಂದು ಅವಳು ನಕ್ಕು ಡಬ್ಬಿಯೊಳಗೆ ತಲೆ ತೂರಿಸಿದಳು.

ಆಗ ನಾನು ಹೇಳಬಹುದಿತ್ತು. ಚಾಚಾನಿಗೆ ಕೊಟ್ಟು ಓದಿಸಿಕೊಳ್ಳಬಹುದಿತ್ತು. ಅವರಿಗೆ ಎರಡೂ ಲಿಪಿ ಬರುತ್ತಿತ್ತು. ಒಂದು ಸಲ ಕೇಳಿದ್ದರೆ ಸಾಕಿತ್ತು, ನನ್ನ ತಲೆಯಲ್ಲಿ ಕೂತುಬಿಡುತ್ತಿತ್ತು. ಕೇಳಲಿಲ್ಲ.

ಗಂಟೆ ಬಾರಿಸುವ ಬದಲು ಮಕ್ಕಳೆಲ್ಲ ಹತ್ತರಿಂದ ಹಿಂದಕ್ಕೆ ಎಣಿಸಿ, ಸೊನ್ನೆಗೆ ಪರದೆ ಏಳಬೇಕೆಂದು ಮಾಸ್ತರರ ಏರ್ಪಾಟು. ಸೊನ್ನೆ ಬಂತು, ಪರದೆಯ ಹಗ್ಗ ಸಿಕ್ಕಿಕೊಂಡಿತು. ಮತ್ತೆ ಹತ್ತರಿಂದ. ಮೂರನೆಯ ಸಲ ಪರದೆ ಎದ್ದಿತು. ಕಲ್ಲುಪುಡಿ ಹರಡಿದ ನೆಲದ ಮೇಲೆ ನನ್ನ ತಂಗಿ ಇಳಿದಳು. ನಾನು ತಗಡಿನ ಸಂದಿಯಿಂದ ನೋಡುತ್ತಿದ್ದೆ. ಆ ನಡಿಗೆ! ಗಣಿಯವರು ಒಬ್ಬರ ಹೆಗಲ ಮೇಲೊಬ್ಬರು ಏರಿದ್ದರು. ನಮ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಎಲ್ಲ ಮಾತೂ ಸರಿಯಾಗಿ ಸಾಗಿ, ಕೊನೆಗೆ ಅವಳು ರಂಗದ ಮಧ್ಯ ನಿಂತು, “ಹಲೋ ಭೂಮಿ” ಎಂದು ಕರೆದಳು. ಇಲ್ಲಿಂದ ಹೊಸ ಹಾಳೆ.

ಬ್ಯಾಟರಿ ಒತ್ತಿದೆ. ಹಾಲಿನಂಥ ಬೆಳಕು ಹಾಳೆಯ ಮೇಲೆ ಬಿತ್ತು. ಒಂದೊಂದು ಅಕ್ಷರವೂ ಸ್ಪಷ್ಟ. ಒಂದೂ ನನ್ನದಲ್ಲ.

“ಹಲೋ ಭೂಮಿ” ಎಂದಳು ಎರಡನೆಯ ಸಲ. ಡಬ್ಬಿಯ ತಲೆ ಎಡಕ್ಕೆ, ನನ್ನ ಕಡೆಗೆ, ಸ್ವಲ್ಪವೇ ವಾಲಿತು. ಕಾಯುತ್ತಿದ್ದಾಳೆ. ಚಂದ್ರನ ಹಿಂಬದಿಗೆ ಹೋದಾಗ ಭೂಮಿಯ ದನಿ ಪೂರ್ತಿ ನಿಂತುಹೋಗುತ್ತದಂತೆ, ಅಲ್ಲಿ ಹೋದವನು ಲೋಕದಲ್ಲೇ ಒಬ್ಬಂಟಿ. ನಾನು ತಂಗಿಯನ್ನು ಅಲ್ಲಿಗೆ ಕಳಿಸಿದ್ದೆ, ಮೂರು ಮಾರು ದೂರದಲ್ಲಿ ಕುಳಿತು.

ಸಭೆ ಮಿಸುಕಾಡಿತು. ಗುರುಬಾಯಿ ತಲೆ ನೆಟ್ಟಗೆ ಮಾಡಿದಳು.

“ಭೂಮಿ ಮಾತಾಡವಲ್ದು. ಇರಲಿ, ನಾನೇ ಮಾತಾಡ್ತೀನಿ” ಅಂದಳು. ಪುಸ್ತಕದ ಮಾತಲ್ಲ, ನಮ್ಮ ಓಣಿಯ ಮಾತು. “ಇಲ್ಲಿ ಗಾಳಿಲ್ಲ, ನೀರಿಲ್ಲ, ಹೆಸರು ಹಿಡಿದು ಕರಿಯೋರಿಲ್ಲ. ಇಲ್ಲಿಂದ ನಮ್ಮೂರು ಕಾಣವಲ್ದು. ಖರೇ, ಎಲ್ಲಿ ಅದಾ ಅಂತ ನಂಗೊತ್ತದ. ಅಗೋ, ಅಲ್ಲಿ ನಮ್ಮಣ್ಣ ಕಲ್ಲು ಒಡಿಲಿಕತ್ತಾನ. ಅವ ಎಬ್ಬಿಸಿದ ಪರಸಿ ಮ್ಯಾಲ ಕುಂತೇ ನಾ ಅಕ್ಷರ ಕಲ್ತೆ. ಅದೇ ಪರಸಿ ಕಾಲಿಗಿ ಕಟ್ಕೊಂಡು ಇಲ್ಲಿ ತನಕ ಬಂದೀನಿ. ನೋಡ್ರಿ, ಚಂದ್ರನ ಮ್ಯಾಲ ಶಹಾಬಾದಿ ಕಲ್ಲಿನ ಗುರ್ತು!”

ಕಾಲೆತ್ತಿ ಪುಡಿಯಲ್ಲಿ ಹೆಜ್ಜೆ ಒತ್ತಿದಳು. ಗಣಿಯವರ ಸಿಳ್ಳೆ, ಚಪ್ಪಾಳೆಗೆ ತಗಡಿನ ರಾಕೆಟ್ಟು ಗಡಗಡ ನಡುಗಿತು. ಒಳಗಿದ್ದವನೂ.

ನಮ್ಮೂರಿನಲ್ಲಿ ಅಂಥ ಚಪ್ಪಾಳೆ ಅದಕ್ಕೆ ಮೊದಲು ಬಿದ್ದಿರಲಿಲ್ಲ. ಆದರೆ ಮಾಸ್ತರರ ಮುಖ ಸಣ್ಣದಾಗಿತ್ತು. ಅವರ ಎರಡು ಪುಟ ಗಾಳಿಗೆ ಹೋಗಿತ್ತು. “ಯಾಕ ಶರಣಪ್ಪಾ, ಮಾತು ಹೇಳಿಕೊಡಲಿಲ್ಲೇನು?” ಎಂದು ಎಲ್ಲರೆದುರು ಕೇಳಿದರು.

“ಹೇಳಿದೆರಿ ಮಾಸ್ತರ್ರ. ಎರಡು ಸಲ ಹೇಳಿದೆ. ಆಕಿಗಿ ಕೇಳಿಸಿಲ್ಲ” ಅಂದೆ.

ಎಷ್ಟು ಸಲೀಸಾಗಿ ಬಂತು! ಅಷ್ಟು ಚೆನ್ನಾಗಿ ಯಾವ ನಟನೂ ಮಾತು ಒಪ್ಪಿಸಿರಲಿಕ್ಕಿಲ್ಲ.

“ಡಬ್ಬಿಗಿ ತೂತು ಅದಾವಲ್ಲ?” ಎಂದು ಮಾಸ್ತರರು ಡಬ್ಬಿ ತಿರುಗಿಸಿ ನೋಡಿದರು. ತೂತು ಇದ್ದವು. “ಹಂಗಾರ ಎಡಗಿವಿ ಮಂದ ಇರಬೇಕು” ಅಂದರು. ಗುರುಬಾಯಿ ತನ್ನ ಎಡಗಿವಿ ಮುಟ್ಟಿಕೊಂಡು ನನ್ನನ್ನು ನೋಡಿದಳು. ಸಂಶಯದಿಂದಲ್ಲ, ತಪ್ಪು ಮಾಡಿದವಳ ಹಾಗೆ. “ಅಣ್ಣ ಹೇಳ್ಯಾನಂದ್ರ ಹೇಳಿರ್ತಾನ್ರಿ. ನಂದೇ ಕಿವಿ” ಅಂದಳು.

ಮುಂದಿನ ತಿಂಗಳು ಅದೇ ನಾಟಕ ಗುಲಬರ್ಗಾದ ದೊಡ್ಡ ಗ್ಯಾದರಿಂಗಿಗೆ ಹೋಯಿತು. ಮರೆಯಿಂದ ಹೇಳಿದ್ದು ಕೇಳಿಸದ ಹುಡುಗಿಯನ್ನು ಅಷ್ಟು ದೊಡ್ಡ ರಂಗಕ್ಕೆ ಹತ್ತಿಸುವುದು ಹೇಗೆಂದು ಮಾಸ್ತರರು ಪಾರ್ಟನ್ನು ಬೇರೆ ಹುಡುಗಿಗೆ ಕೊಟ್ಟರು. ಗುರುಬಾಯಿಯ ಮಾತನ್ನು ಮಾತ್ರ ಉಳಿಸಿಕೊಂಡರು. ಆ ಹುಡುಗಿ ನನ್ನ ತಂಗಿಯ ಮಾತಾಡಿ, ನನ್ನ ಪರಸಿ ಕಟ್ಟಿಕೊಂಡು ಬಹುಮಾನ ತಂದಳು. ಗುರುಬಾಯಿ ಹಿಂದೆ ಜರಿ ಕಾಗದ ಹಿಡಿದು ನಕ್ಷತ್ರವಾಗಿ ನಿಂತಿದ್ದಳಂತೆ. ನಾನು ಕೆಲಸದ ನೆಪ ಹೇಳಿ ಹೋಗಲಿಲ್ಲ. ಬಂದವಳೇ, “ಅಣ್ಣಾ, ನನ್ನ ಮಾತಿಗಿ ಗುಲಬರ್ಗಾದಾಗೂ ಸಿಳ್ಳಿ ಬಿತ್ತು!” ಎಂದು ಕುಣಿದಳು. ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವ್ವ ಆ ಚಳಿಗಾಲವೆಲ್ಲ ಬೆಳ್ಳುಳ್ಳಿ ಕಾಸಿದ ಎಣ್ಣೆಯನ್ನು ಮಗಳ ಎಡಗಿವಿಗೆ ಬಿಟ್ಟಳು. ನಾನೇ ವಾಡಿಯ ಡಾಕ್ಟರರಿಗೆ ತೋರಿಸಿಕೊಂಡು ಬಂದೆ. ತೋರಿಸದಿದ್ದರೆ ಅನುಮಾನ ಬರುತ್ತದಲ್ಲ! ಅವರು ಕಿವಿ ಚೆನ್ನಾಗಿದೆ ಅಂದರು. “ಡಾಕ್ಟರಗೇನು ಗೊತ್ತು, ನಾಟಕದಾಗ ಕೈ ಕೊಟ್ಟಿದ್ದು ಇದೇ ಕಿವಿ” ಎಂದು ಗುರುಬಾಯಿ ನಂಬಲಿಲ್ಲ. ಅಂದಿನಿಂದ ಯಾರೇ ಮಾತಾಡಿದರೂ ಬಲಗಿವಿ ಒಡ್ಡಿ ಕೇಳುವ ಅಭ್ಯಾಸ ಬೆಳೆಸಿಕೊಂಡಳು. ಬಸ್ಸಿನಲ್ಲಿ ಎಡಗಡೆಯ ಕಿಟಕಿ ಹುಡುಕಿ ಕೂರುತ್ತಿದ್ದಳು, ಮಾತಾಡುವವರೆಲ್ಲ ಬಲಕ್ಕೆ ಬರಲೆಂದು. ಮುಂದೆ ಓದಿ ಮಾಸ್ತರಿಣಿಯಾಗಿ ಮೊದಲು ಚಿಂಚೋಳಿಯ ಕಡೆ, ಆಮೇಲೆ ಸೇಡಂಗೆ ಬಂದಾಗಲೂ, “ಎಡಕ್ಕ ನಿಂತು ಪಾಠ ಒಪ್ಪಿಸಬ್ಯಾಡ್ರೋ, ಈ ಕಿವಿ ಕಮ್ಮಿ” ಎಂದು ಮಕ್ಕಳಿಗೆ ಹೇಳುತ್ತಿದ್ದಳಂತೆ. ಏನೂ ಆಗದ ಕಿವಿಯನ್ನು ಒಂದು ಸುಳ್ಳು ಹೀಗೆ ಕಿವುಡು ಮಾಡಿತು.

ಗಫೂರ ಚಾಚಾ ಎಲ್ಲ ಮುಗಿದ ವಾರಕ್ಕೆ ನನ್ನನ್ನು ಅಂಗಡಿಗೆ ಕರೆದರು. ತಗಡು ಬೆಸೆಯುತ್ತ, ತಲೆ ಎತ್ತದೇ ಹೇಳಿದರು: “ಶರಣೂ, ನಾ ರಾಕೆಟ್ಟಿನ ಹಿಂದೇ ನಿಂತಿದ್ದೆ. ಒಳಗಿಂದ ಚಿಟ್ ಅಂತ ಆವಾಜ್ ಬಂದಿಲ್ಲ.”

ನಾನು ಅತ್ತುಬಿಟ್ಟೆ. ಚಾಚಾ ಬೈಯಲಿಲ್ಲ. ತಮ್ಮ ಅಂಗಡಿಯ ಬೋರ್ಡು ತೋರಿಸಿದರು. ಮೇಲೆ ಉರ್ದು, ಕೆಳಗೆ ಕನ್ನಡ. “ಮ್ಯಾಲಿನದು ನಿಂಗ ಬರ್ತದ. ಕೆಳಗಿಂದು ಅದೇ. ಎರಡೂ ಹೊಂದಿಸ್ಕೋತ ಬಾ.” ಹಾಗೆ ಕಲಿತೆ. ಬಟ್ಟೆ ಅಂಗಡಿ, ಕಿರಾಣಿ, ಸೈಕಲ್ ಷಾಪು. ಎರಡು ಲಿಪಿಯ ಹಳೆಯ ಬೋರ್ಡುಗಳೇ ನನ್ನ ಪಾಠದ ಪುಸ್ತಕ. ಚಿತ್ತಾಪುರದ ಪೇಟೆ ಮುಗಿಸುವ ಹೊತ್ತಿಗೆ ಒತ್ತಕ್ಷರ ಬಂದವು. ಒಂದು ಸಂಜೆ ಟ್ರಂಕಿನಿಂದ ಮಾಸ್ತರರ ಆ ಎರಡು ಹಾಳೆ ತೆಗೆದು ಓದಿದೆ. ಸರಾಗವಾಗಿ ಬಂತು. ಅಂದು ನಾನು ಹೇಳಿಕೊಡಬೇಕಾಗಿದ್ದ ಮೊದಲ ಸಾಲು ಆಗಲೇ ನನಗೆ ತಿಳಿದದ್ದು.

“ಓದಾಕ ಬಂತಲ್ಲ, ಈಗ ಹೋಗಿ ತಂಗಿಗಿ ಹೇಳು” ಎಂದರು ಚಾಚಾ. “ತಗಡಿನ ತೂತು ನಾ ಬೆಸೀತೀನಿ. ಇದು ನೀನೇ ಬೆಸಿಬೇಕು.” ಓದಲು ಒಂದು ವರ್ಷ ಸಾಕಾಯಿತು. ಹೇಳಲು ಇನ್ನೂ ಹದಿನಾಲ್ಕು ಬೇಕಾದವು.

ನಮ್ಮ ದೇಶದವನೇ ಒಬ್ಬ ಆಕಾಶಕ್ಕೆ ಹೋದ ವರ್ಷ, ಗುರುಬಾಯಿ ಸೇಡಂನ ಶಾಲೆಯಲ್ಲಿ ಆ ಹಳೆಯ ನಾಟಕ ಹೂಡಿದಳು. ಮಾಸ್ತರರು ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಆ ಎರಡು ಹಾಳೆ ಒಯ್ದು ಕೊಟ್ಟೆ. “ಮಾಸ್ತರ್ರ ಅಕ್ಷರ!” ಎಂದು ಕಣ್ಣಿಗೊತ್ತಿಕೊಂಡು, ಕೊನೆಗೆ ಅದನ್ನೇ ಸೇರಿಸಿದಳು. ಗಫೂರ ಚಾಚಾ ಮುದುಕರಾಗಿದ್ದರೂ ಬಸ್ಸು ಹತ್ತಿ ಬಂದು ಹೊಸ ರಾಕೆಟ್ಟು ಬೆಸೆದರು. ಕಾಗಿಣಾ ಹೊಳೆಯ ಮರಳು ಹರಡಿ ಚಂದ್ರನನ್ನು ಮಾಡಿದರು. ಎಲ್ಲ ಸಿದ್ಧವಾಗಿ ಮರುದಿನ ಆಟವೆಂದಾಗ ಪಾರ್ಟಿನ ಹುಡುಗಿಗೆ ಗದ್ದಬಾವು ಬಂತು. ಮುಖ ಡಬ್ಬಿಯೊಳಗೆ ಹೋಗಲೊಲ್ಲದು.

“ಟೀಚರ್, ನೀವೇ ಮಾಡ್ರಿ!” ಎಂದು ಮಕ್ಕಳು ದುಂಬಾಲು ಬಿದ್ದರು. ಮೂವತ್ತು ದಾಟಿದ ಗುರುಬಾಯಿ ನಾಚಿಕೊಂಡು, ಬೈದು, ಕೊನೆಗೆ ವೇಷ ತೊಟ್ಟಳು. ನನ್ನ ಕಡೆ ತಿರುಗಿ, “ಪರಸಿ ಎಲ್ಲೋ ಅಣ್ಣಾ?” ಅಂದಳು. ನಾನು ಹೊಸದು ಕೊರೆದೇ ತಂದಿದ್ದೆ. ಅಳತೆ ಸ್ವಲ್ಪ ಚಿಕ್ಕದಾಯಿತು. ಹದಿನೈದು ವರ್ಷದ ಹಿಂದಿನ ಪಾದ ನನ್ನ ತಲೆಯಲ್ಲಿತ್ತು.

ರಾಕೆಟ್ಟನ್ನು ಎಡಕ್ಕೆ ಇಡಿಸಿದೆ.

“ಎಡಕ್ಕ ಬ್ಯಾಡಣ್ಣಾ, ನಂಗ ಕೇಳಂಗಿಲ್ಲ. ಮತ್ತ ಹಂಗೇ ಆಗ್ತದ.”

“ಕೇಳ್ತದ, ನಡಿ” ಅಂದೆ.

ಅಂದಿನ ಆಟ ಹೇಗಾಯಿತೆಂದು ಸೇಡಂನಲ್ಲಿ ಯಾರನ್ನಾದರೂ ಕೇಳಿ. ಪಾಠ ಹೇಳುವ ಟೀಚರು ಮರಳಿನ ಮೇಲೆ ತೇಲಿ ತೇಲಿ ಬಂದಾಗ ಮಕ್ಕಳು ಉಸಿರು ಬಿಡುವುದನ್ನೇ ಮರೆತರು. ಕೊನೆಗೆ ಅವಳು ರಂಗದ ಮಧ್ಯ ನಿಂತು “ಹಲೋ ಭೂಮಿ” ಅಂದಳು. ನಿಂತಳು. ಇದು ಆಟದ ಮೌನವಲ್ಲವೆಂದು ನನಗೆ ಗೊತ್ತಾಯಿತು. ಮಕ್ಕಳಿಗೆಲ್ಲ ಹೇಳಿಕೊಟ್ಟ ಮಾತು ಅವಳಿಗೇ ಮರೆತಿತ್ತು. ಅದೇ ಜಾಗ, ಅದೇ ಕರೆ, ಹಳೆಯ ಭಯ. ಅಭ್ಯಾಸಬಲದಿಂದ ಡಬ್ಬಿಯ ತಲೆ ಬಲಕ್ಕೆ ತಿರುಗಿತು. ಅಲ್ಲಿ ಯಾರೂ ಇಲ್ಲ.

ನನಗೆ ಆ ಸಾಲು ಬಾಯಿಪಾಠವಿತ್ತು. ಆದರೂ ಬ್ಯಾಟರಿ ಒತ್ತಿದೆ. ಅದೇ ಬ್ಯಾಟರಿ, ಹೊಸ ಸೆಲ್ಲು. ಹಾಳೆಯ ಮೇಲೆ ಬೆರಳಿಟ್ಟೆ. ಅಕ್ಷರಕ್ಕೆ ಅಕ್ಷರ ಓದಿ, ಅವಳ ಎಡಗಿವಿಯ ಕಡೆಗೆ ಮೆಲ್ಲಗೆ ಹೇಳಿದೆ: “ಭೂಮಿಯೇ, ನೀನಿಷ್ಟು ಚಿಕ್ಕವಳೆಂದು ನಾನು ತಿಳಿದಿರಲಿಲ್ಲ. ನಿನ್ನನ್ನು ಅಂಗೈಯಲ್ಲಿ ಮರೆಮಾಡಬಲ್ಲೆ, ಮರೆಯಲಾರೆ.”

ಆಮೇಲೆ ಅವಳ ದನಿ ಎದ್ದಿತು. ಅಂಗೈ ಚಾಚಿ ಆ ಮಾತನ್ನು ಅವಳು ಹೇಳಿದಳು ನೋಡಿ, ತೀರಿಹೋದ ಮಾಸ್ತರರು ಎಲ್ಲಿದ್ದರೂ ಕುರ್ಚಿಯಿಂದ ಎದ್ದು ನಿಂತಿರಬೇಕು. ಆ ಎರಡು ಪುಟ ಹೊಳೆಯ ಹಾಗೆ ಹರಿಯಿತು. ಕೊನೆಗೆ ಕಾಲೆತ್ತಿ ಮರಳಿನಲ್ಲಿ ಪರಸಿಯ ಗುರುತು ಒತ್ತಿದಾಗ, ಅಂಗಳಕ್ಕೆ ಅಂಗಳವೇ ಎದ್ದು ನಿಂತಿತು.

ಪರದೆ ಬಿತ್ತು. ಹೊರಗೆ ಚಪ್ಪಾಳೆ ನಿಲ್ಲುತ್ತಿರಲಿಲ್ಲ. ಗುರುಬಾಯಿ ಡಬ್ಬಿ ಕಂಕುಳಲ್ಲಿ ಒತ್ತಿಕೊಂಡು, ಪರಸಿ ಕಾಲಿನಲ್ಲೇ ಧಡಧಡ ಬಂದಳು. ಮುಖವೆಲ್ಲ ಬೆವರು, ನಗು.

“ಅಣ್ಣಾ, ಕೇಳಿಸ್ತು! ಎಡಗಿವಿಗೇ ಕೇಳಿಸ್ತು! ನಿನ್ನ ಒಂದೊಂದು ಮಾತೂ! ಹದಿನೈದು ವರ್ಷದ ಮ್ಯಾಲ ಕಿವಿ ಸುಧಾರಿಸ್ಯಾದ ನೋಡು. ಅವ್ವ ಇದ್ದಿದ್ರ ಬೆಳ್ಳುಳ್ಳಿ ಎಣ್ಣಿದೇ ಕರಾಮತ್ತು ಅಂತಿದ್ಳು!”

ರಾಕೆಟ್ಟಿನ ಹಿಂದೆ ಗಫೂರ ಚಾಚಾ ಹಗ್ಗ ಹಿಡಿದೇ ನಿಂತಿದ್ದರು. ನನ್ನನ್ನೇ ನೋಡಿದರು. ನಾನು ಬಾಯಿ ತೆರೆದೆ. “ಗುರೂ…” ಎಂದೆ, ಮೆಲ್ಲಗೆ.

“ಏನಂದಿ? ಈ ಚಪ್ಪಾಳ್ಯಾಗ ಕೇಳವಲ್ದು. ಜೋರಾಗಿ ಹೇಳೋ!”

ಜೋರಾಗಿಯೇ ಹೇಳಿದೆ. ನಾನು ಬಾಯಿಬಿಟ್ಟ ಆ ಕ್ಷಣಕ್ಕೇ ಹೊರಗಿನ ಚಪ್ಪಾಳೆ ನಿಂತಿತು. ಪರದೆಯ ಆಚೆಗಿದ್ದ ಅಷ್ಟು ಜನಕ್ಕೂ ಅದು ಕೇಳಿತು, ಕೇಳಲಿ:

“ಗುರೂ, ನಿನ್ನ ಕಿವಿಗಿ ಯಾವತ್ತೂ ಏನೂ ಆಗಿದ್ದಿಲ್ಲ. ಅವತ್ತು ನಾ ಹೇಳೇ ಇಲ್ಲ. ನಂಗ ಕನ್ನಡ ಓದಾಕ ಬರ್ತಿದ್ದಿಲ್ಲ; ಅದು ಮುಚ್ಚಲಿಕ್ಕ ನಿನ್ನ ಕಿವಿ ಮ್ಯಾಲ ಹಾಕಿದೆ. ತಪ್ಪಾತು, ತಂಗೀ. ನಂದು ತಪ್ಪಾತು.”